ಆಲಿಸ್ ಮಿಲ್ಲರ್: ಪದೇ ಪದೇ ಕೇಳುವ ಪ್ರಶ್ನೆಗಳು

ಆಲಿಸ್ ಮಿಲ್ಲರ್ ಯಾರು?

ಪೋಲೆಂಡಿನಲ್ಲಿ ಹುಟ್ಟಿ, ಸ್ವಿಟ್ಜರ್ಲೆಂಡಿನಲ್ಲಿ ಓದಿ ಕೆಲಸ ಮಾಡಿ, ಕೊನೆಗೆ ಫ್ರಾನ್ಸಿನಲ್ಲಿ ನೆಲೆಸಿದ ಮನೋಚಿಕಿತ್ಸಕಿ. ಬರೆದದ್ದು ಜರ್ಮನ್ ಭಾಷೆಯಲ್ಲಿ. ಹುಟ್ಟಿದ್ದು 1923ರ ಜನವರಿ 12ರಂದು, ತೀರಿಕೊಂಡದ್ದು 2010ರ ಏಪ್ರಿಲ್ 14ರಂದು. ಜ್ಯೂರಿಕ್‌ನಲ್ಲಿ ಮನೋವಿಶ್ಲೇಷಣೆಯ, ಅಂದರೆ ಮಾತಾಡಿಸುತ್ತಾ ಮನಸ್ಸಿನ ಒಳಗಿರುವುದನ್ನು ಬಿಡಿಸಿ ನೋಡುವ ಚಿಕಿತ್ಸೆಯ, ತರಬೇತಿ ಪಡೆದು, ಸುಮಾರು 20 ವರ್ಷ ಜನರ ನೋವು ಕೇಳಿಸಿಕೊಂಡರು. ಆಮೇಲೆ, 56ನೇ ವಯಸ್ಸಿನಲ್ಲಿ, ಮೊದಲ ಪುಸ್ತಕ ಬರೆದರು. ಅದು 1979. ಇಂಗ್ಲಿಷಿನಲ್ಲಿ ಅದು 'ದಿ ಡ್ರಾಮಾ ಆಫ್ ದಿ ಗಿಫ್ಟೆಡ್ ಚೈಲ್ಡ್' ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ತೆಳ್ಳನೆಯ ಪುಸ್ತಕ. ಆದರೆ ಅದನ್ನು ಓದಿ ತಮ್ಮ ಇಡೀ ಬಾಲ್ಯವನ್ನು ಹೊಸದಾಗಿ ನೋಡಿದವರು ಜಗತ್ತಿನ ತುಂಬ ಇದ್ದಾರೆ.

ಅವರು ಹೇಳಿದ ಮುಖ್ಯ ಮಾತು ಏನು?

ಚಿಕ್ಕ ಮಗುವಿಗೆ ಅಪ್ಪ ಅಮ್ಮನ ಪ್ರೀತಿ ಇಲ್ಲದೆ ಬದುಕು ಸಾಗುವುದಿಲ್ಲ. ಹಾಗಾಗಿ ಆ ಪ್ರೀತಿಗೆ ಅದು ಏನು ಬೇಕಾದರೂ ಕೊಡುತ್ತದೆ. ಅಮ್ಮನಿಗೆ ಮಗು ಅತ್ತರೆ ಆಗುವುದಿಲ್ಲವೇ, ಅದು ಅಳುವುದನ್ನು ಬಿಡುತ್ತದೆ. ಅಪ್ಪನಿಗೆ ಸಿಟ್ಟು ಮಾಡಿಕೊಳ್ಳುವ ಮಗು ಬೇಡವೇ, ಅದು ಸಿಟ್ಟನ್ನು ನುಂಗಿಕೊಳ್ಳುತ್ತದೆ. ಎಲ್ಲರೂ 'ಎಷ್ಟು ಒಳ್ಳೇ ಮಗು, ಒಂಚೂರೂ ತೊಂದರೆ ಕೊಡಲ್ಲ' ಅಂತ ಹೊಗಳುತ್ತಾರೆ. ಆ ಮಗು ದೊಡ್ಡದಾಗಿ, ಕೆಲಸದಲ್ಲಿ ಹೆಸರು ಮಾಡಿ, ಎಲ್ಲವೂ ಇದ್ದೂ ಒಳಗೆ ಏನೂ ಇಲ್ಲ ಅನ್ನಿಸಿದಾಗ ಚಿಕಿತ್ಸಕರ ಮುಂದೆ ಬಂದು ಕೂರುತ್ತದೆ. ಮಿಲ್ಲರ್ ಬಳಿ ಬರುತ್ತಿದ್ದವರಲ್ಲಿ ಇಂಥವರು ಬಹಳ ಮಂದಿ. ಅವರಲ್ಲಿ ಹೆಚ್ಚಿನವರು ಮೊದಲ ದಿನ ಹೇಳುತ್ತಿದ್ದದ್ದು ಒಂದೇ: ನನ್ನ ಬಾಲ್ಯ ಚೆನ್ನಾಗಿತ್ತು, ಅಪ್ಪ ಅಮ್ಮ ಒಳ್ಳೆಯವರು, ತಪ್ಪು ನನ್ನದೇ ಇರಬೇಕು.

ಮಿಲ್ಲರ್ ಕಿವಿಗೊಟ್ಟದ್ದು ಆ ಕೊನೆಯ ಮಾತಿಗೆ. ಮಗು ತನ್ನ ಮೇಲೆ ತಾನೇ ಹೊರಿಸಿಕೊಂಡ ತಪ್ಪು ಅದು ಎಂದು ಅವರು ಹೇಳಿದರು.

ಹಾಗಾದರೆ 'ಗಿಫ್ಟೆಡ್' ಅಂದರೆ ಕ್ಲಾಸಿಗೆ ಫಸ್ಟ್ ಬರುವ ಮಗುವಾ?

ಅಲ್ಲ. ಮನೆಯಲ್ಲಿ ಯಾರಿಗೆ ಏನು ಬೇಕು ಅನ್ನುವುದನ್ನು ಮಾತಿಲ್ಲದೆಯೇ ಗ್ರಹಿಸಬಲ್ಲ, ಸೂಕ್ಷ್ಮ ಮನಸ್ಸಿನ ಮಗು. ಮಾರ್ಕ್ಸಿಗೂ ಇದಕ್ಕೂ ಸಂಬಂಧವಿಲ್ಲ.

ಎಲ್ಲರೂ ಹೇಳುವ ಐಸ್‌ಕ್ರೀಮಿನ ಪ್ರಸಂಗ ಯಾವುದು?

ಮೊದಲ ಪುಸ್ತಕದಲ್ಲಿ ಬರುತ್ತದೆ. ಅವರ ಇಡೀ ವಿಚಾರ ಒಂದೇ ಕಡೆ ಸಿಗಬೇಕು ಅಂದರೆ ಇದನ್ನು ಓದಿದರೆ ಸಾಕು. ರಜೆಯಲ್ಲಿ ಅಡ್ಡಾಡುವಾಗ ಮಿಲ್ಲರ್ ಒಂದು ಜೋಡಿಯನ್ನು ನೋಡುತ್ತಾರೆ. ಗಂಡ ಹೆಂಡತಿ ಇಬ್ಬರ ಕೈಯಲ್ಲೂ ಕಡ್ಡಿ ಐಸ್‌ಕ್ರೀಮ್. ಪಕ್ಕದಲ್ಲಿ ಎರಡು ವರ್ಷದ ಹುಡುಗ, ತನಗೂ ಒಂದು ಬೇಕು ಅಂತ ಅಳುತ್ತಾ ಓಡುತ್ತಿದ್ದಾನೆ. ಅಮ್ಮ ಪ್ರೀತಿಯಿಂದಲೇ ತನ್ನದನ್ನು ಚಾಚಿ, ಒಂದು ಸಲ ಕಚ್ಚಿಕೋ, ಪೂರ್ತಿ ಒಂದಾದರೆ ನಿನಗೆ ತಣ್ಣಗಾಗುತ್ತೆ ಅನ್ನುತ್ತಾಳೆ. ಅವನಿಗೆ ಕಚ್ಚುವುದು ಬೇಡ, ಕೈ ಚಾಚಿ ಕಡ್ಡಿಯನ್ನೇ ಕೇಳುತ್ತಾನೆ. ಅಮ್ಮ ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ. ಅಪ್ಪನೂ ಹಾಗೇ ಮಾಡುತ್ತಾನೆ. ಇಬ್ಬರಿಗೂ ಇದು ತಮಾಷೆ. ಹುಡುಗ ಮುಂದೆ ಓಡುತ್ತಾನೆ, ಮತ್ತೆ ಬರುತ್ತಾನೆ, ತಲೆ ಎತ್ತಿ ಇಬ್ಬರನ್ನೂ ನೋಡುತ್ತಾನೆ. ಕೊನೆಗೆ ಅಪ್ಪ ತಿಂದು ಮುಗಿಸಿದ ಬರೀ ಕಡ್ಡಿಯನ್ನು ಕೊಡುತ್ತಾನೆ. ಹುಡುಗ ಅದನ್ನು ನೆಕ್ಕಿ ನೋಡುತ್ತಾನೆ, ಬಿಸಾಡುತ್ತಾನೆ, ಎತ್ತಿಕೊಳ್ಳಲು ಹೋಗಿ ಸುಮ್ಮನಾಗುತ್ತಾನೆ. ಒಂದು ಬಿಕ್ಕಳಿಕೆ. ಆಮೇಲೆ ಅವರ ಹಿಂದೆ ನಡೆದುಕೊಂಡು ಹೋಗುತ್ತಾನೆ.

ಇಲ್ಲಿ ಹೊಡೆತವಿಲ್ಲ, ಬೈಗುಳವಿಲ್ಲ. ತಿನ್ನಲು ಕೊಡಲಿಲ್ಲ ಅನ್ನುವುದೂ ನಿಜವಲ್ಲ, ಕೊಟ್ಟರಲ್ವಾ! ಹುಡುಗನಿಗೆ ಬೇಕಿದ್ದದ್ದು ಅವರಿಬ್ಬರ ಹಾಗೆ ತನ್ನದೇ ಕಡ್ಡಿ ಹಿಡಿದು ನಡೆಯುವುದು. ಅವನ ಆಸೆಯನ್ನು ನೋಡಿ ಅವರು ನಕ್ಕರು, ಅವನ ಕಡೆ ನಿಲ್ಲಲು ಅಲ್ಲಿ ಒಬ್ಬರೂ ಇರಲಿಲ್ಲ. ಮಿಲ್ಲರ್ ಕೇಳುವ ಮುಂದಿನ ಪ್ರಶ್ನೆ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ: ಈ ಅಪ್ಪ ಅಮ್ಮ ಕೆಟ್ಟವರಲ್ಲ, ಮತ್ತೆ ಹೀಗೇಕೆ ಮಾಡಿದರು? ಚಿಕ್ಕವರಿದ್ದಾಗ ತಮ್ಮನ್ನು ಹೀಗೇ ಸಣ್ಣದು ಮಾಡಿದ್ದರು, ಈಗ ಕೊನೆಗೂ ಬಲ ತಮ್ಮ ಕಡೆ ಬಂದಿದೆ ಎಂಬುದು ಮಿಲ್ಲರ್ ಕೊಡುವ ಉತ್ತರ. ದೊಡ್ಡವರ ತಾತ್ಸಾರ ಹೀಗೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಇಳಿಯುತ್ತದೆ.

'ವಿಷ ಪಾಲನೆ' ಅಂತಾರಲ್ಲ, ಅದೇನು?

ಮಗುವಿನ ಹಟ ಮುರಿಯುವುದೇ ಒಳ್ಳೆಯ ಪಾಲನೆ ಎಂದು ನಂಬಿದ ಹಳೆಯ ಪದ್ಧತಿಗೆ ಇಟ್ಟ ಹೆಸರು. ಜರ್ಮನಿನ ಮೂಲ ಪದವನ್ನು ಬಳಕೆಗೆ ತಂದದ್ದು ಕತರೀನಾ ರುಟ್ಷ್‌ಕಿ, 1977ರಲ್ಲಿ. ಹಳೆಯ ಪಾಲನಾ ಕೈಪಿಡಿಗಳ ಭಾಗಗಳನ್ನು ಆಕೆ ಒಟ್ಟುಮಾಡಿದ್ದರು. ಮಿಲ್ಲರ್ ಅದನ್ನೇ ಎತ್ತಿಕೊಂಡು 1980ರಲ್ಲಿ ತಮ್ಮ ಎರಡನೇ ಪುಸ್ತಕ ಬರೆದರು. ಇಂಗ್ಲಿಷಿನಲ್ಲಿ ಅದರ ಹೆಸರು 'ಫಾರ್ ಯುವರ್ ಓನ್ ಗುಡ್'. ಹೊಡೆದ ಮೇಲೆ 'ನಿನ್ನ ಒಳ್ಳೇದಕ್ಕೇ' ಅಂತಾರಲ್ಲ, ಅದೇ ಮಾತು.

ಆ ಕೈಪಿಡಿಗಳನ್ನು ಓದುವುದು ಕಷ್ಟ. 1748ರಲ್ಲಿ ಸುಲ್ಟ್ಸರ್ ಎಂಬಾತ, ಮೊದಲ ವರ್ಷಗಳಲ್ಲೇ ಬಲ ಪ್ರಯೋಗಿಸಿದರೆ ಅನುಕೂಲ, ಆಗ ಆದದ್ದು ಮಕ್ಕಳಿಗೆ ಮುಂದೆ ನೆನಪಿರುವುದಿಲ್ಲ ಎಂದು ನೇರವಾಗಿಯೇ ಬರೆದಿದ್ದ. ಲೈಪ್‌ಜಿಗ್‌ನ ವೈದ್ಯ ಶ್ರೇಬರ್ 19ನೇ ಶತಮಾನದಲ್ಲಿ ಹಾಲು ಕುಡಿಯುವ ಕೂಸುಗಳ ಬಗ್ಗೆ ಬರೆದ. ಹಸಿವು, ನೋವು ಏನೂ ಇಲ್ಲದೆ ಕೂಸು ಅತ್ತರೆ ಗದರಿಸಿ, ಹಾಸಿಗೆ ಬಡಿದು ಬೆದರಿಸಿ, ಅದಕ್ಕೂ ಬಗ್ಗದಿದ್ದರೆ ಮೆಲ್ಲಗೆ ಪೆಟ್ಟು ಕೊಡಿ. ಒಂದೆರಡು ಸಲ ಹೀಗೆ ಮಾಡಿದರೆ ಸಾಕು, ಆಮೇಲೆ ಯಾವತ್ತೂ ಮಗು ನಿಮ್ಮ ಹಿಡಿತದಲ್ಲಿ, ಒಂದು ನೋಟಕ್ಕೇ ಬಗ್ಗುತ್ತದೆ. ಅವನ ಸಲಹೆ ಹೀಗೆ ಸಾಗುತ್ತದೆ. ಇವೆಲ್ಲ ಮನೆಮನೆಯಲ್ಲಿ ಓದಿದ ಪುಸ್ತಕಗಳು. ಶ್ರೇಬರನ ಒಬ್ಬ ಮಗನಿಗೆ ಮುಂದೆ ತೀವ್ರ ಮಾನಸಿಕ ಕಾಯಿಲೆಯಾಯಿತು. ಅವನು ಬರೆದ ಆತ್ಮಕತೆಯ ಮೇಲೆಯೇ, ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದ ಫ್ರಾಯ್ಡ್ ತನ್ನ ಒಂದು ಹೆಸರಾಂತ ಪ್ರಬಂಧ ಬರೆದದ್ದು.

ಹಿಟ್ಲರ್ ಹಾಗಾದದ್ದು ಅಪ್ಪನ ಹೊಡೆತದಿಂದ ಅಂತ ಅವರು ಹೇಳಿದ್ದು ನಿಜವಾ?

ಹೌದು, ಹೆಚ್ಚುಕಡಿಮೆ ಹಾಗೆಯೇ ಹೇಳಿದರು. ಅದೇ ಎರಡನೇ ಪುಸ್ತಕದಲ್ಲಿ ಮೂರು ಬದುಕುಗಳನ್ನು ಬಿಡಿಸಿ ನೋಡುತ್ತಾರೆ: ಬರ್ಲಿನ್‌ನಲ್ಲಿ ಹದಿಹರೆಯದಲ್ಲೇ ಹೆರಾಯಿನ್‌ಗೆ ಬಿದ್ದ ಕ್ರಿಸ್ಟಿಯಾನೆ ಎಫ್., ಮಕ್ಕಳನ್ನು ಕೊಂದ ಯುರ್ಗೆನ್ ಬಾರ್ಟ್ಷ್, ಮತ್ತು ಹಿಟ್ಲರ್. ಹಿಟ್ಲರನ ಅಪ್ಪ ಅಲೋಯಿಸ್ ಮಗನನ್ನು ತುಂಬ ಹೊಡೆಯುತ್ತಿದ್ದ. ಮನೆಯಲ್ಲಿ ಅದನ್ನು ತಡೆಯುವವರು ಇರಲಿಲ್ಲ. ಆ ದ್ವೇಷ ಹೊರಗೆ ದಾರಿ ಹುಡುಕಿತು, ಇಂಥದೇ ಮನೆಗಳಲ್ಲಿ ಬೆಳೆದು ಪ್ರಶ್ನೆ ಕೇಳದೆ ಬಗ್ಗುವುದನ್ನು ಕಲಿತ ಇಡೀ ಪೀಳಿಗೆ ಅವನ ಹಿಂದೆ ನಡೆಯಿತು ಎಂಬುದು ಅವರ ವಾದ.

ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ, ನನಗೂ ಇದು ಸಾಲದು ಅನ್ನಿಸುತ್ತದೆ. ಮೊದಲ ಮಹಾಯುದ್ಧದ ಸೋಲು, ಹಣದುಬ್ಬರ, ನಿರುದ್ಯೋಗ, ಶತಮಾನಗಳಿಂದ ಬಂದ ಯಹೂದಿ ದ್ವೇಷ ಇವನ್ನೆಲ್ಲ ಬದಿಗಿಟ್ಟು ಒಂದು ಮನೆಯ ಬೆತ್ತದಿಂದ ಎಲ್ಲವನ್ನೂ ವಿವರಿಸಲು ಆಗದು. ಹೊಡೆತ ತಿಂದ ಕೋಟ್ಯಂತರ ಮಕ್ಕಳು ಯಾರನ್ನೂ ಕೊಲ್ಲದೆ ಬದುಕಿದ್ದಾರೆ. ಇದಕ್ಕೆ ಮಿಲ್ಲರ್ ಕೊಟ್ಟ ಉತ್ತರ ಮಾತ್ರ ಯೋಚಿಸುವಂಥದ್ದು. ಅದಕ್ಕೆ ಮುಂದಿನ ಪ್ರಶ್ನೆ ನೋಡಿ.

'ಸಾಕ್ಷಿ' ಎಂಬ ಅವರ ವಿಚಾರ ಏನು?

ಹಿಂಸೆ ಉಂಡ ಮಗುವಿನ ಬದುಕಿನಲ್ಲಿ ಒಬ್ಬರಾದರೂ, ಅಜ್ಜಿಯೋ ಟೀಚರೋ ಪಕ್ಕದ ಮನೆಯವರೋ, ಅದನ್ನು ಅಕ್ಕರೆಯಿಂದ ನೋಡಿದವರು ಇದ್ದರೆ ಆ ಮಗು ಉಳಿದುಕೊಳ್ಳುತ್ತದೆ. ತನಗೆ ಆಗುತ್ತಿರುವುದು ಸರಿಯಲ್ಲ, ಪ್ರೀತಿ ಅನ್ನುವುದು ಬೇರೆ ಥರ ಇರುತ್ತದೆ ಎಂದು ಅದಕ್ಕೆ ಗೊತ್ತಾಗುತ್ತದೆ. ಇವರನ್ನು ಮಿಲ್ಲರ್ 'ಸಹಾಯಕ ಸಾಕ್ಷಿ' ಎಂದರು. ದೊಡ್ಡವರಾದ ಮೇಲೆ ಆ ನೋವನ್ನು ನಂಬಿ, ತಿಳಿದು ಕೇಳಿಸಿಕೊಳ್ಳುವವರು 'ಅರಿತ ಸಾಕ್ಷಿ'. ಅದು ಚಿಕಿತ್ಸಕರಿರಬಹುದು, ಸ್ನೇಹಿತರಿರಬಹುದು, ವಕೀಲರೂ ಇರಬಹುದು. ಹಿಟ್ಲರನಂಥವರ ಬಾಲ್ಯದಲ್ಲಿ ಇಂಥ ಒಬ್ಬರೂ ಇರಲಿಲ್ಲ ಎಂಬುದು ಅವರ ಉತ್ತರ.

ಅವರು ಬರೆದದ್ದರಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದು ಅನ್ನಿಸುವುದು ಇದೇ. ಇದಕ್ಕೆ ಡಿಗ್ರಿ ಬೇಕಾಗಿಲ್ಲ. ಯಾರು ಬೇಕಾದರೂ ಒಂದು ಮಗುವಿಗೆ ಆ ಒಬ್ಬರಾಗಬಹುದು.

ಫ್ರಾಯ್ಡ್ ಜೊತೆ ಅವರಿಗೆ ಏನು ಜಗಳ?

ಫ್ರಾಯ್ಡ್ 1896ರಲ್ಲಿ, ತನ್ನ ರೋಗಿಗಳ ಕಾಯಿಲೆಯ ಮೂಲ ಬಾಲ್ಯದಲ್ಲಿ ಅವರ ಮೇಲಾದ ಲೈಂಗಿಕ ದೌರ್ಜನ್ಯ ಎಂದಿದ್ದರು. ಮರುವರ್ಷವೇ ಆ ನಂಬಿಕೆ ಕೈಬಿಟ್ಟರು. ಮುಂದೆ, ಅವು ಹೆಚ್ಚಾಗಿ ಮಗುವಿನದೇ ಬಯಕೆ, ಕಲ್ಪನೆ ಎಂಬ ಸಿದ್ಧಾಂತ ಕಟ್ಟಿದರು. 1981ರ ಮೂರನೇ ಪುಸ್ತಕದಲ್ಲಿ ಮಿಲ್ಲರ್ ಇದನ್ನು ನೇರವಾಗಿ ಪ್ರಶ್ನಿಸಿದರು. ಮಗು ನಿಜ ಹೇಳಿದಾಗ ಅದನ್ನು ಕಲ್ಪನೆ ಅನ್ನುವುದು ಅಪ್ಪ ಅಮ್ಮನ ಮರ್ಯಾದೆ ಕಾಪಾಡುವ ಇನ್ನೊಂದು ದಾರಿ ಎಂದರು. 1988ರಲ್ಲಿ ಅಂತಾರಾಷ್ಟ್ರೀಯ ಮನೋವಿಶ್ಲೇಷಣಾ ಸಂಘವನ್ನೇ ಬಿಟ್ಟರು. ಆಮೇಲೆ ತಮ್ಮನ್ನು ಮನೋವಿಶ್ಲೇಷಕಿ ಅನ್ನುವುದೂ ಅವರಿಗೆ ಬೇಕಿರಲಿಲ್ಲ.

ಅವರ ಸ್ವಂತ ಬಾಲ್ಯ ಹೇಗಿತ್ತು?

ತಮ್ಮ ಪುಸ್ತಕಗಳಲ್ಲಿ ಅವರು ಅಮ್ಮನ ತಣ್ಣನೆಯ ಕಠಿಣತೆಯ ಬಗ್ಗೆ ಬರೆದರು, ಯುದ್ಧಕಾಲದ ಬಗ್ಗೆ ಹೆಚ್ಚು ಬಾಯಿಬಿಡಲಿಲ್ಲ. ನಮಗೆ ಈಗ ಗೊತ್ತಿರುವ ಬಹಳಷ್ಟು ಸಂಗತಿ ಹೊರಬಂದದ್ದು ಅವರು ತೀರಿಕೊಂಡ ಮೇಲೆ, ಮಗ ಮಾರ್ಟಿನ್ ಮಿಲ್ಲರ್ ಹುಡುಕಾಡಿ ಬರೆದದ್ದರಿಂದ.

ಹುಟ್ಟಿದಾಗ ಅವರ ಹೆಸರು ಅಲಿಸ್ಯಾ ಎಂಗ್ಲಾರ್ಡ್. ಊರು ಪೋಲೆಂಡಿನ ಪ್ಯೋತ್ರ್‌ಕೂಫ್ ತ್ರಿಬುನಾಲ್ಸ್ಕಿ. ಯಹೂದಿ ಕುಟುಂಬ. ಕೆಲಕಾಲ ಬರ್ಲಿನ್‌ನಲ್ಲಿದ್ದರು, 1933ರಲ್ಲಿ ನಾತ್ಸಿಗಳು ಅಧಿಕಾರಕ್ಕೆ ಬಂದಾಗ ಊರಿಗೆ ಮರಳಿದರು. 1939ರ ಅಕ್ಟೋಬರಿನಲ್ಲಿ ಜರ್ಮನರು ಅದೇ ಊರಿನಲ್ಲಿ ಯಹೂದಿಗಳನ್ನು ಕೂಡಿಹಾಕುವ ಘೆಟ್ಟೋ ಮಾಡಿದರು. ಆಕ್ರಮಿತ ಪೋಲೆಂಡಿನ ಮೊಟ್ಟಮೊದಲ ಘೆಟ್ಟೋ ಅದು. ಆಗ ಅಲಿಸ್ಯಾಗೆ 16 ವರ್ಷ. ಆಕೆ ಅಲ್ಲಿಂದ ತಪ್ಪಿಸಿಕೊಂಡು, ಅಲಿಸ್ಯಾ ರೊಸ್ತೋವ್ಸ್ಕಾ ಎಂಬ ಸುಳ್ಳು ಹೆಸರಿನಲ್ಲಿ ವಾರ್ಸಾದಲ್ಲಿ ಬದುಕಿದರು. ಅಮ್ಮನನ್ನೂ ತಂಗಿಯನ್ನೂ ಹೊರತಂದು ಉಳಿಸಿಕೊಂಡರು. ಅಪ್ಪ 1941ರಲ್ಲಿ ಘೆಟ್ಟೋದಲ್ಲೇ ಸತ್ತರು. ಮರುವರ್ಷ ಅಕ್ಟೋಬರಿನಲ್ಲಿ ಅಲ್ಲಿ ಉಳಿದಿದ್ದ 20 ಸಾವಿರಕ್ಕೂ ಹೆಚ್ಚು ಜನರನ್ನು ರೈಲಿನಲ್ಲಿ ಟ್ರೆಬ್ಲಿಂಕಾದ ಸಾವಿನ ಶಿಬಿರಕ್ಕೆ ಸಾಗಿಸಲಾಯಿತು.

ಒಂದು ಹುಡುಗಿ ಹದಿಹರೆಯದ ಕೊನೆಯ ವರ್ಷಗಳನ್ನೆಲ್ಲ ಬೇರೆಯವಳಾಗಿ ನಟಿಸುತ್ತಾ ಕಳೆಯಬೇಕಾಯಿತು. ಬಾಯಿತಪ್ಪಿ ಒಂದು ಮಾತು ಬಂದರೂ ಮೂರು ಜೀವ ಹೋಗುತ್ತಿತ್ತು. ನಿಜವಾದ 'ನಾನು' ಒಳಗೆ ಅಡಗಿ, ಹೊರಗೆ ಇನ್ನೊಂದು 'ನಾನು' ಬದುಕುವುದರ ಬಗ್ಗೆ ಅವರು ಯಾಕೆ ಅಷ್ಟು ತೀವ್ರವಾಗಿ ಬರೆದರು ಎಂದು ಇದನ್ನು ತಿಳಿದ ಮೇಲೆ ನನಗೆ ಹೆಚ್ಚು ಅರ್ಥವಾಯಿತು.

ಆಮೇಲೆ?

1946ರಲ್ಲಿ ಸ್ಕಾಲರ್‌ಶಿಪ್ ಸಿಕ್ಕಿ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋದರು. 1949ರಲ್ಲಿ ಪೋಲೆಂಡಿನವರೇ ಆದ ಸಮಾಜಶಾಸ್ತ್ರಜ್ಞ ಆಂದ್ರೆಯಾಸ್ ಮಿಲ್ಲರ್ ಜೊತೆ ಮದುವೆ. 1953ರಲ್ಲಿ ಡಾಕ್ಟರೇಟ್. ಇಬ್ಬರು ಮಕ್ಕಳು. 1973ರಲ್ಲಿ ವಿಚ್ಛೇದನ.

ಜನರಿಂದ ಅಷ್ಟು ದೂರ ಇದ್ದದ್ದು ಯಾಕೆ?

ಪುಸ್ತಕಗಳು ಜಗತ್ಪ್ರಸಿದ್ಧವಾದ ಮೇಲೂ ಅವರು ವೇದಿಕೆಗಳಿಗೆ ಬರುತ್ತಿರಲಿಲ್ಲ. ಸಂದರ್ಶನಗಳೂ ಬೆರಳೆಣಿಕೆಯಷ್ಟು. ದಕ್ಷಿಣ ಫ್ರಾನ್ಸಿನ ಸಾಂ-ರೆಮಿ-ದ-ಪ್ರೊವಾನ್ಸ್ ಎಂಬ ಪುಟ್ಟ ಊರಿನಲ್ಲಿ ಬಾಗಿಲು ಹಾಕಿಕೊಂಡು ಬದುಕಿದರು. ಆದರೆ ಬರೆಯುವುದನ್ನು ನಿಲ್ಲಿಸಲಿಲ್ಲ. ಕೊನೆಯ ವರ್ಷಗಳಲ್ಲಿ ಓದುಗರ ಪತ್ರಗಳಿಗೆ ಇಂಟರ್ನೆಟ್ ಮೂಲಕ ಉತ್ತರಿಸುತ್ತಿದ್ದರು. ಎಲ್ಲೋ ಇರುವ ಅಪರಿಚಿತರು ತಮ್ಮ ಬಾಲ್ಯವನ್ನು ಬಿಚ್ಚಿಟ್ಟು ಬರೆದರೆ, 80 ದಾಟಿದ ಈ ಹೆಂಗಸು ಕೂತು ಓದಿ ಉತ್ತರ ಬರೆಯುತ್ತಿದ್ದರು.

ಯುದ್ಧದ ಕಾಲದ ಹೆದರಿಕೆ ಅವರನ್ನು ಕೊನೆವರೆಗೂ ಬಿಡಲಿಲ್ಲ, ದೂರ ಇದ್ದದ್ದು ಅದಕ್ಕೇ ಎಂದು ಮಗ ಹೇಳುತ್ತಾರೆ. ನನಗೂ ಅದು ನಂಬುವಂಥದ್ದು ಅನ್ನಿಸುತ್ತದೆ. ಬಚ್ಚಿಟ್ಟುಕೊಂಡು ಜೀವ ಉಳಿಸಿಕೊಂಡವರಿಗೆ ಬಚ್ಚಿಟ್ಟುಕೊಳ್ಳುವುದು ಅಭ್ಯಾಸವಾಗಿಬಿಡುತ್ತದೆ.

ಅಪ್ಪ ಅಮ್ಮನನ್ನು ಕ್ಷಮಿಸಬೇಡಿ ಅಂತ ಅವರು ಹೇಳುತ್ತಾರಾ?

ಕ್ಷಮಿಸಲೇಬೇಕು ಎಂದು ಒತ್ತಾಯಿಸಬೇಡಿ ಎನ್ನುತ್ತಾರೆ. ವ್ಯತ್ಯಾಸ ಇದೆ. 2004ರಲ್ಲಿ ಬಂದ ಪುಸ್ತಕದಲ್ಲಿ, ತಂದೆ ತಾಯಿಯನ್ನು ಗೌರವಿಸು ಎಂಬ ಬೈಬಲಿನ ಆಜ್ಞೆಯನ್ನೇ ಅವರು ಎದುರಿಗಿಟ್ಟುಕೊಂಡರು. ಹಿಂಸಿಸಿದವರನ್ನೂ ಪ್ರೀತಿಸಲೇಬೇಕು ಅಂತ ಮನಸ್ಸನ್ನು ಬಗ್ಗಿಸಿದರೆ ದೇಹ ಕಾಯಿಲೆಯ ರೂಪದಲ್ಲಿ ಸೇಡು ತೀರಿಸಿಕೊಳ್ಳುತ್ತದೆ ಎಂದು ಕಾಫ್ಕಾ, ಚೆಕಾಫ್, ವರ್ಜೀನಿಯಾ ವುಲ್ಫ್ ಮೊದಲಾದ ಲೇಖಕರ ಬದುಕಿನಿಂದ ತೋರಿಸಲು ಹೊರಟರು.

'ತಾಯಿಗಿಂತ ದೇವರಿಲ್ಲ' ಎಂದು ಕೇಳಿ ಬೆಳೆದ ನಮಗೆ ಇದು ಗಂಟಲಲ್ಲಿ ಇಳಿಯುವುದು ಕಷ್ಟ. ಆದರೂ ಹೊಡೆತ, ಅವಮಾನ ಉಂಡು ಬೆಳೆದವರಿಗೆ ಸುತ್ತಲಿನವರು ಮೊದಲು ಹೇಳುವುದೇ 'ಹೋಗ್ಲಿ ಬಿಡು, ಹೆತ್ತವರಲ್ವಾ' ಅನ್ನುವುದು. ಆಗ ಅವರ ನೋವನ್ನು ಯಾರೂ ಕೇಳಿದ ಹಾಗೇ ಆಗುವುದಿಲ್ಲ. ಮಿಲ್ಲರ್ ಮೊದಲು ಕೇಳಿಸಿಕೊಳ್ಳಿ ಎಂದರು. ಇಷ್ಟನ್ನು ನಾನು ಪೂರ್ತಿ ಒಪ್ಪುತ್ತೇನೆ. ಕ್ಷಮಿಸಿದರೆ ವಾಸಿಯಾಗುವುದೇ ಇಲ್ಲ ಎಂಬ ಧಾಟಿಯಲ್ಲಿ ಅವರು ಬರೆದಾಗ ಒಪ್ಪುವುದಿಲ್ಲ. ಕ್ಷಮಿಸಿ ಹಗುರಾದವರೂ ಇದ್ದಾರೆ. ಬರೀ ಲೇಖಕರ ಜೀವನಚರಿತ್ರೆ ಓದಿ ಅವರ ಕಾಯಿಲೆಗೆ ಕಾರಣ ಹೇಳುವುದೂ ವೈದ್ಯಶಾಸ್ತ್ರ ಅಲ್ಲ.

ಮಗನ ಜೊತೆ ಅವರೇ ಹೇಗಿದ್ದರು?

ಹೆಚ್ಚು ಕೇಳುವ ಪ್ರಶ್ನೆ ಇದು, ಹೆಚ್ಚು ನೋಯಿಸುವುದೂ ಇದೇ. 1950ರಲ್ಲಿ ಹುಟ್ಟಿದ ಮಾರ್ಟಿನ್ ತಾವೂ ಮನೋಚಿಕಿತ್ಸಕರಾದರು. 2013ರಲ್ಲಿ ಅಮ್ಮನ ಬಗ್ಗೆ ಪುಸ್ತಕ ಬರೆದರು. ಹುಟ್ಟಿದ ಹೊಸದರಲ್ಲೇ ತನ್ನನ್ನು ಬೇರೆಯವರ ಕೈಗೆ ಕೊಟ್ಟಿದ್ದರು, ಅಪ್ಪ ಹೊಡೆಯುತ್ತಿದ್ದರು, ಅಮ್ಮ ಅದನ್ನು ತಡೆಯಲಿಲ್ಲ ಎಂದು ಅದರಲ್ಲಿ ಹೇಳಿದ್ದಾರೆ. ಮನೆಯಲ್ಲಿ ಅಪ್ಪ ಅಮ್ಮ ಮಾತಾಡುತ್ತಿದ್ದದ್ದು ಪೋಲಿಷ್, ಮಗನಿಗೆ ಆ ಭಾಷೆ ಬರುತ್ತಿರಲಿಲ್ಲ. ತನ್ನ ಮನೆಯ ಮಾತುಕತೆಯಲ್ಲೇ ಆ ಹುಡುಗ ಹೊರಗಿನವನು.

ಅಷ್ಟೇ ಅಲ್ಲ. ಬಾಲ್ಯದ ನೋವನ್ನು ಮತ್ತೆ ಅನುಭವಿಸಿ ಹೊರಹಾಕಿಸುವ, ಸ್ಟೆಟ್‌ಬಾಖರ್ ಎಂಬಾತನ 'ಪ್ರೈಮಲ್' ಚಿಕಿತ್ಸೆಯನ್ನು ಮಿಲ್ಲರ್ ತಮ್ಮ ಪುಸ್ತಕಗಳಲ್ಲಿ ಹೊಗಳಿ ಬರೆದಿದ್ದರು. ಅದಕ್ಕೆ ಹೋಗುವಂತೆ ಮಗನನ್ನೂ ಒತ್ತಾಯಿಸಿದ್ದರು ಎಂದು ಮಾರ್ಟಿನ್ ಬರೆಯುತ್ತಾರೆ. 1990ರ ದಶಕದಲ್ಲಿ ಮಿಲ್ಲರ್ ಆ ಬೆಂಬಲವನ್ನು ಬಹಿರಂಗವಾಗಿ ಹಿಂತೆಗೆದುಕೊಂಡರು. ಅಷ್ಟರಲ್ಲಿ ಅವರ ಮಾತು ನಂಬಿ ಹೋದವರು ಎಷ್ಟೋ.

ಮಾರ್ಟಿನ್ ಪುಸ್ತಕದಲ್ಲಿ ಸೇಡು ಇಲ್ಲ. ಅಮ್ಮನ ವಿಚಾರಗಳು ಸರಿ, ನನ್ನ ಕೆಲಸಕ್ಕೆ ಇಂದಿಗೂ ಬೇಕಾಗುತ್ತವೆ ಅನ್ನುತ್ತಾರೆ. ಅಮ್ಮನನ್ನು ಅರ್ಥ ಮಾಡಿಕೊಳ್ಳಲು ಆಕೆ ಯಾವತ್ತೂ ಹೇಳದ ಯುದ್ಧದ ದಿನಗಳನ್ನು ಹುಡುಕಿಕೊಂಡು ಪೋಲೆಂಡಿಗೆ ಹೋಗುತ್ತಾರೆ. 2020ರ ಒಂದು ಸಾಕ್ಷ್ಯಚಿತ್ರ ಅವರ ಈ ಹುಡುಕಾಟವನ್ನೇ ಹಿಂಬಾಲಿಸುತ್ತದೆ.

ಹಾಗಾದರೆ ಅವರ ಮಾತನ್ನು ಯಾಕೆ ನಂಬಬೇಕು?

ಈ ಕೋಪ ನನಗೆ ಅರ್ಥವಾಗುತ್ತದೆ. ಮಕ್ಕಳ ಪರವಾಗಿ ಜಗತ್ತಿಗೇ ಹೇಳಿದವರು ತಮ್ಮ ಮಗನ ಪರ ನಿಲ್ಲಲಿಲ್ಲ ಅಂದರೆ ಓದುಗರಿಗೆ ಮೋಸ ಹೋದ ಹಾಗೆ ಅನ್ನಿಸುವುದು ಸಹಜ. ಆದರೆ ಕಾಲವನ್ನು ನೋಡಿ. ಮಗ ಚಿಕ್ಕವನಿದ್ದದ್ದು 1950ರ ದಶಕದಲ್ಲಿ. ಪುಸ್ತಕ ಬಂದದ್ದು 1979ರಲ್ಲಿ. ತಾವು ಮಾಡಿದ್ದನ್ನು ನೋಡಿದ ಮೇಲೆಯೇ ಅವರಿಗೆ ಅಷ್ಟು ತಿಳಿದಿರಬಹುದು. ನನಗೆ ಕ್ಷಮಿಸಲಾಗದ್ದು ಅನ್ನಿಸುವುದು ಆಮೇಲಿನ ಮೌನ. ನಿಮ್ಮ ಸತ್ಯ ಹೇಳಿಕೊಳ್ಳಿ ಎಂದು ಸಾವಿರಾರು ಓದುಗರಿಗೆ ಬರೆದವರು, ದೊಡ್ಡವನಾದ ಮಗನಿಗೆ ಬೇಕಿದ್ದ ಸತ್ಯವನ್ನು ಕೊಡದೆ ಹೋದರು. ಅದರ ಬೆಲೆಯನ್ನು ಅವನು ತೆತ್ತ.

ಆದರೂ ಆ ಮೌನವೇ ಅವರ ಪುಸ್ತಕದ ಮಾತಿಗೆ ಪುರಾವೆಯೂ ಹೌದು. ಹೇಳದೆ ಉಳಿದ ನೋವು ಮುಂದಿನವರ ಮೇಲೆ ಬೀಳುತ್ತದೆ ಎಂದು ಅವರು ಬರೆದರು. ಅವರ ಮನೆಯಲ್ಲೂ ಹಾಗೇ ಬಿತ್ತು.

ಅವರ ಪ್ರಭಾವ ಎಷ್ಟರ ಮಟ್ಟಿಗಿದೆ?

ಮಕ್ಕಳನ್ನು ಹೊಡೆಯುವುದನ್ನು ಮನೆಯಲ್ಲೂ ನಿಷೇಧಿಸಿದ ಮೊದಲ ದೇಶ ಸ್ವೀಡನ್. ಅದೂ 1979ರಲ್ಲೇ, ಅಂದರೆ ಮಿಲ್ಲರ್ ಪುಸ್ತಕದ ಫಲ ಅದಲ್ಲ. ಗಾಳಿ ಆಗಲೇ ಬದಲಾಗುತ್ತಿತ್ತು. ಜರ್ಮನಿ 2000ದಲ್ಲಿ, ಫ್ರಾನ್ಸ್ 2019ರಲ್ಲಿ ಅಂಥ ಕಾನೂನು ತಂದವು. ಈ ಚರ್ಚೆಗಳಿಗೆ ಮಿಲ್ಲರ್ ಕೊಟ್ಟದ್ದು ಮಾತುಗಳನ್ನು. ಹೊಡೆತ ಎಂದರೆ ಶಿಸ್ತು ಎಂದು ನಂಬಿದ್ದ ಓದುಗರಿಗೆ ಅದು ಹಿಂಸೆ ಎಂದು ಹೇಳುವ ಭಾಷೆ ಸಿಕ್ಕಿತು. 1980–90ರ ದಶಕಗಳಲ್ಲಿ ಅಮೆರಿಕದಲ್ಲಿ ಹಬ್ಬಿದ 'ಒಳಗಿನ ಮಗು' (ದೊಡ್ಡವರೊಳಗೆ ಇನ್ನೂ ಉಳಿದಿರುವ, ನೊಂದ ಮಗು) ಎಂಬ ಮಾತಿನ ಹಿಂದೆಯೂ ಅವರ ಪುಸ್ತಕಗಳಿವೆ.

ಅವರ ಬಳಿ ಅಂಕಿಅಂಶ ಇರಲಿಲ್ಲ ಎಂಬ ಟೀಕೆ ಸರಿ. ಅಂಕಿಅಂಶ ಬಂದದ್ದು ಬೇರೆ ಕಡೆಯಿಂದ. ಅಮೆರಿಕದ ವೈದ್ಯರಾದ ಫೆಲಿಟ್ಟಿ ಮತ್ತು ಆಂಡಾ 1998ರಿಂದ ಪ್ರಕಟಿಸಿದ ಅಧ್ಯಯನಕ್ಕೆ 17 ಸಾವಿರಕ್ಕೂ ಹೆಚ್ಚು ವಯಸ್ಕರು ತಮ್ಮ ಬಾಲ್ಯದ ಬಗ್ಗೆ ಉತ್ತರಿಸಿದ್ದರು. ಹಿಂಸೆ, ನಿರ್ಲಕ್ಷ್ಯ ಹೆಚ್ಚು ಉಂಡವರಲ್ಲಿ ಖಿನ್ನತೆ, ಕುಡಿತ ಮಾತ್ರವಲ್ಲ, ಹೃದ್ರೋಗವೂ ಹೆಚ್ಚು ಕಂಡಿತು. ಮಿಲ್ಲರ್ ಎಲ್ಲರಿಗೂ ಹೀಗೇ ಆಗುತ್ತದೆ ಎಂಬ ಖಚಿತ ದನಿಯಲ್ಲಿ ಬರೆಯುತ್ತಿದ್ದರು. ಅಂಕಿಅಂಶ ಹೇಳುವುದು ಅಪಾಯ ಹೆಚ್ಚುತ್ತದೆ ಎಂದಷ್ಟೇ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಅವರನ್ನು ಓದುವುದು ಒಳ್ಳೆಯದು.

ಅವರು ಚಿತ್ರ ಬರೆಯುತ್ತಿದ್ದರಂತೆ?

ಹೌದು, 1973ರಿಂದ. ಯಾರಿಂದಲೂ ಕಲಿಯದೆ, ಸುಮ್ನೆ ಕೈ ಹೋದ ಹಾಗೆ. ಓದಿ, ವಿಶ್ಲೇಷಣೆ ಮಾಡಿಸಿಕೊಂಡು ಸಿಗದ ತಮ್ಮ ಬಾಲ್ಯ ಬಣ್ಣದಲ್ಲಿ ಸಿಕ್ಕಿತು ಎಂದು ಬರೆದಿದ್ದಾರೆ. 66 ಜಲವರ್ಣ ಚಿತ್ರಗಳ ಪುಸ್ತಕ 1985ರಲ್ಲಿ ಬಂತು.

ಮೊದಲು ಯಾವ ಪುಸ್ತಕ ಓದಲಿ?

ಮೊದಲ ಪುಸ್ತಕವನ್ನೇ. ಚಿಕ್ಕದು, ಕೋಪ ಕಡಿಮೆ, ಎದುರಿಗಿರುವ ಮನುಷ್ಯನನ್ನು ನೋಡುವ ತಾಳ್ಮೆ ಜಾಸ್ತಿ. ಅದನ್ನು ಅವರು ಮುಂದೆ ತಿದ್ದಿ ಬರೆದಿದ್ದಾರೆ, ಸಿಕ್ಕಿದರೆ ತಿದ್ದಿದ ಆವೃತ್ತಿ ತೆಗೆದುಕೊಳ್ಳಿ. ಆಮೇಲೆ 'ಫಾರ್ ಯುವರ್ ಓನ್ ಗುಡ್', ಕೈಪಿಡಿಗಳ ಭಾಗಕ್ಕಾಗಿ. ಮೂರನೆಯದಾಗಿ ಮಗನ ಪುಸ್ತಕ, 2018ರಿಂದ ಇಂಗ್ಲಿಷಿನಲ್ಲೂ ಇದೆ. ಅದನ್ನು ಮೊದಲೇ ಓದಿದರೆ ಅಮ್ಮನ ಪುಸ್ತಕದ ಪ್ರತಿ ಸಾಲಿನಲ್ಲೂ ತಪ್ಪು ಹುಡುಕುವ ಮನಸ್ಸಾಗುತ್ತದೆ, ಅದಕ್ಕೇ ಈ ಕ್ರಮ. ನಿಮ್ಮ ಬಾಲ್ಯ ಕಷ್ಟದ್ದಾಗಿದ್ದರೆ ಇವನ್ನೆಲ್ಲ ಒಂದೇ ಗುಕ್ಕಿಗೆ ಓದಬೇಡಿ. ಹಳೆಯದೆಲ್ಲ ಮೇಲೆ ಬರುತ್ತದೆ. ನಂಬುವ ಒಬ್ಬರಿಗೆ ಏನು ಓದುತ್ತಿದ್ದೀರಿ ಅಂತ ಹೇಳಿಟ್ಟಿರಿ. ನಿದ್ದೆ ಕೆಟ್ಟರೆ, ಮನಸ್ಸು ತೀರಾ ಕುಗ್ಗಿದರೆ ಪುಸ್ತಕ ಮುಚ್ಚಿಟ್ಟು ಚಿಕಿತ್ಸಕರ ಹತ್ತಿರ ಹೋಗಿ.